ಅಧ್ಯಕ್ಷರ ಕ್ಷೌರ

ಮಂಗಳವಾರವೊಂದು ಬಿಟ್ಟು ಹದಿನೇಳು ವರ್ಷ
ಈ ಗಲ್ಲವನ್ನು ನಾನು ಕೆರೆದಿದ್ದೇನೆ.
ಕೊಬ್ಬರಿ ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ
ಈರಬಸಪ್ಪನಿಗೆ ಒಂದು ದುಡ್ಡಿನ ಕ್ಷೌರ, ಅದೂ ಸಾಲ.
ಅರಸೀಕೆರೆ ಪುರಸಭೆಗೆ ಅಧ್ಯಕ್ಷರಾದ ಮೇಲೆ
ಒಂದಾಣೆ.
ಅದೂ ಸಾಲ.

ಓಟಿನ ದಿನ ಛತ್ರದ ಮುಂದೆ ಕಂದಾಯದ ರಸೀತಿ ಹಿಡಿದು
ನೂರಾ ಹನ್ನೊಂದು ಜನ ನಿಂತಿದ್ದರು.
ನನ್ನ ಹಡಪಕ್ಕೆ ಕಂದಾಯವಿಲ್ಲ, ನನಗೆ ಓಟಿಲ್ಲ.
ನಾಲ್ಕು ಓಟಿನಲ್ಲಿ ಗೆದ್ದು ಬಂದು ಕೂತರು,
ಜರಿ ಪೇಟ ತೊಡೆಯ ಮೇಲೆ:
‘ದೀಪ ಹಾಕಿಸ್ತೀನಿ ಕಣೋ ಚೌಡ,
ಸ್ಟೇಷನ್ನಿಂದ ಸಂತೆಮಾಳದ ತನಕ.’
ಹಾಕಿಸಿದರು. ಇಪ್ಪತ್ತೆರಡು ಸೀಮೆಎಣ್ಣೆ ಕಂಬ.
ಮೊದಲನೆಯದು ಅವರ ಮಂಡಿಯ ಬಾಗಿಲಿಗೇ.
ಕೊನೆಯದು, ನಮ್ಮ ಕೇರಿಗೆ ಇನ್ನೂ ಮೂವತ್ತು ಮಾರು ಇರುವಾಗ
ನಿಂತುಬಿಟ್ಟಿತು.
ನಾನೇನೂ ಅನ್ನಲಿಲ್ಲ. ಕತ್ತಿ ಕಿವಿಯ ಹತ್ತಿರವಿತ್ತು.

ಇಲಿ ಬಿದ್ದ ವರ್ಷ
ಊರು ಬಿಡಿ ಎಂದು ಡಂಗುರ ಹೊಡೆಸಿದರು.
ಒಬ್ಬರೂ ಕದಲಲಿಲ್ಲ.
ಆಗ ಏಣಿ ತರಿಸಿ, ತಮ್ಮ ಮನೆಯದೇ ಮೊದಲು
ಹೆಂಚು ಇಳಿಸಿದರು, ದೇವರ ಕೋಣೆಗೂ ಬಿಸಿಲು ಬೀಳುವ ಹಾಗೆ.
ಪುಟ್ಟವೀರಮ್ಮ ನಡುಬೀದಿಯಲ್ಲಿ ನಿಂತು
ಗಂಡನನ್ನು ಬೈದದ್ದು ಸ್ಟೇಷನ್ನಿಗೂ ಕೇಳಿಸಿತು.
ಆಮೇಲೆ ಎಲ್ಲರ ಹೆಂಚೂ.

ಜೇನುಕಲ್ಲಿನ ದಿಕ್ಕಿನ ಹೊಲದಲ್ಲಿ ಗರಿಯ ಗುಡಿಸಲುಗಳು.
ಪ್ಲೇಗಿನ ಗಲ್ಲ ಎಂದು ಯಾರೂ ಮುಟ್ಟುತ್ತಿರಲಿಲ್ಲ.
ನಾನು ಹೋದೆ. ಯಾಕೋ ಈಗಲೂ ಗೊತ್ತಿಲ್ಲ,
ಹಳೇ ಬಾಕಿ ಕೇಳಲಿಕ್ಕೂ ಇರಬಹುದು.
ಮಗಳು ಹೋಗಿ ಮೂರು ದಿನವಾಗಿತ್ತು.
ಕನ್ನಡಿ ಕೇಳಲಿಲ್ಲ.
‘ಮೀಸೇನೂ ತೆಗಿ’ ಅಂದರು.

ಹೆಂಚು ಇಳಿಸಿದ್ದನ್ನು ಊರು ಮರೆಯಲಿಲ್ಲ.
ಬದುಕಿ ಉಳಿದವರೇ ಸಾಲಾಗಿ ನಿಂತು ಸೋಲಿಸಿದರು.
ಎಣ್ಣೆಯ ಲೆಕ್ಕದಲ್ಲಿ ಹನ್ನೆರಡು ಡಬ್ಬ ಕಡಿಮೆ ಎಂದು
ಹಾಸನದಿಂದ ಲೆಕ್ಕದವರು ಬಂದರು,
ಬಯಲಲ್ಲಿ ಮೇಜು ಹಾಕಿಸಿ ಕೂತರು.
ಕದ್ದರೋ ಇಲ್ಲವೋ, ನಾನು ಕಂಡವನಲ್ಲ.
ಕಂಡದ್ದಿಷ್ಟೇ:
ಆ ಚಳಿಯಲ್ಲಿ ಹೊಲದ ಗುಡಿಸಲು ಗುಡಿಸಲಿಗೂ
ಬೆಳಗಿನ ಜಾವದವರೆಗೆ ಲಾಂದ್ರ ಉರಿಯುತ್ತಿತ್ತು.
ಯಾರ ಎಣ್ಣೆ ಎಂದು ಆಗ ಯಾರೂ ಕೇಳಿರಲಿಲ್ಲ.

ಈಗ ಮಂಡಿಯೂ ಇಲ್ಲ, ಪೇಟವೂ ಇಲ್ಲ.
ಜಗುಲಿಯ ಮೇಲೆ ಮಣೆ ಹಾಕಿ ಕೂರುತ್ತಾರೆ,
ಕೆನ್ನೆ ಒಳಗೆ ಹೋಗಿದೆ, ಚರ್ಮ ಎಳೆದು ಹಿಡಿಯಬೇಕು.
ಇವತ್ತು ಕತ್ತು ಮೇಲೆತ್ತಿ ಕೇಳಿದರು:
‘ನಿನಗೂ ಓಟಿದ್ದಿದ್ದರೆ ಯಾರಿಗೆ ಹಾಕ್ತಿದ್ದೆಯೋ ಚೌಡ?’

ಗಂಟಲ ಗುಡ್ಡೆ ಕತ್ತಿಯ ಕೆಳಗೆ ಏರಿತು,
ಇಳಿಯಿತು.
ಮೂವತ್ತು ಮಾರು ನೆನಪಾಯಿತು. ಲಾಂದ್ರವೂ.

‘ಮಾತಾಡಬೇಡಿ ಸ್ವಾಮಿ,’ ಅಂದೆ,
‘ಗಾಯವಾಗುತ್ತೆ.’