ಹತ್ತನೆಯ ದಿನದ ಲೆಕ್ಕ

ವೂಚ್ ಪಟ್ಟಣದಲ್ಲಿ, ಮುಚ್ಚಿದ ಹತ್ತಿಗಿರಣಿಯ ಬೆನ್ನಿಗೆ
ನಮ್ಮ ಪ್ರಯೋಗಶಾಲೆ. ಕಿಟಕಿ ತುಂಬ ಫೆಬ್ರವರಿ.
ಯಾದ್ವಿಗಾ ಬಂದವಳೇ, ಕೋಟು ಕಳಚುವ ಮೊದಲು,
ಕಾವುಪೆಟ್ಟಿಗೆಯ ಗಾಜಿಗೆ ಮೂಗು ತಾಗಿಸಿ ಓದುತ್ತಾಳೆ:
ಮೂವತ್ತೇಳೂವರೆ. ಸರಿ.

ಮೊಟ್ಟೆಗಳ ಮೇಲೆ ಪೆನ್ಸಿಲಿನಲ್ಲಿ ತಾರೀಖು.
ಆರನೆಯ ದಿನದ್ದರಿಂದ ಶುರು.
ಬೆನ್ನುಹುರಿಯ ಸೀಳು, ಈರುಳ್ಳಿಯ ಒಳಪೊರೆಗಿಂತ ತೆಳು,
ನೀಲಿ ಕುಡಿದು ಗಾಜಿನ ಮೇಲೆ ಒರಗಿದೆ.
ಅವಳ ಎಡಗೈಯಲ್ಲಿ ಎಣಿಸುವ ಗುಂಡಿ:
ಟಿಕ್ ಟಿಕ್, ನಡುವೆ ಒಂದು ಕೆಮ್ಮು, ಮತ್ತೆ ಟಿಕ್.
ಒಂದು ಕಾಲಿಗೆಂದು ಹುಟ್ಟಿದ ನರಕೋಶ
ಇಪ್ಪತ್ತು ಸಾವಿರದ ಮೇಲೆ ಚಿಲ್ಲರೆ.
ಹತ್ತನೆಯ ದಿನದ ಗಾಜಿನಲ್ಲಿ
ಹನ್ನೆರಡೂ ಕಷ್ಟ.

ಮಿಕ್ಕವು?
ಆಗಿನ್ನೂ ಹೊಸಬ ನಾನು. ಕಾವು ಹೆಚ್ಚಾಯಿತೇ,
ಬಣ್ಣ ಕೆಟ್ಟಿತ್ತೇ, ನನ್ನ ಕೈಯ ತಪ್ಪೇ ಎಂದೆ.
ಅವಳು ಕಣ್ಣು ಕೀಳಲಿಲ್ಲ.
‘ಎಲ್ಲವೂ ಎಳೆ ಬಿಟ್ಟಿದ್ದವು ಕಾಲಿನ ತನಕ.
ಬಹುಪಾಲು ತಲುಪಿಯೂ ತಲುಪಿದವು.
ಸ್ನಾಯುವಿನ ಕೈಯಲ್ಲಿದ್ದ ತುತ್ತು ಅಷ್ಟೇ.
ಸಿಕ್ಕದವಕ್ಕೆ
ಅನ್ನದ ಋಣ ತೀರಿತು.’

ಸತ್ತದ್ದನ್ನೂ ತೋರಿಸಿದಳು.
ಚೀರಾಟವಿಲ್ಲ, ಒಡೆದು ಸೋರಿದ್ದಿಲ್ಲ.
ಕೋಶ ತನ್ನನ್ನು ತಾನೇ ಒಳಕ್ಕೆ ಮಡಿಚಿ,
ಸಣ್ಣ ಸಣ್ಣ ಗಂಟು ಕಟ್ಟಿ,
ನೆರೆಮನೆಯ ಬಾಗಿಲಲ್ಲಿಟ್ಟು ಹೋಗಿದೆ.
ನೆರೆಯದು ನುಂಗಿ ಬಾಯಿ ಒರೆಸಿಕೊಂಡಿದೆ.
ಗಾಯದ ಕಲೆ ಇಲ್ಲ. ಸೂತಕವಂತೂ ಇಲ್ಲ.

ಕಿಟಕಿಯಾಚೆ ನೋಡಿ ಬಾಯಿ ಬಿಟ್ಟೆ:
ಹಾಗಾದರೆ ಇದೂ ಗಿರಣಿಯ ಹಾಗೆಯೇ,
ಎಳೆ ಹೆಚ್ಚು, ಮಗ್ಗ ಕಡಿಮೆ—

ಟಿಕ್ ನಿಂತಿತು.
‘ಗಿರಣಿಯನ್ನು ಇಲ್ಲಿಗೆ ತರಬೇಡ.
ಅಲ್ಲಿ ನನ್ನ ಅಮ್ಮ ಕಡಿದ ನೂಲು ಗಂಟುಹಾಕುತ್ತಿದ್ದಳು,
ಹತ್ತೊಂಬತ್ತು ವರ್ಷ. ಒಂದು ಸೋಮವಾರ
ಪಟ್ಟಿ ಓದಿದರು. ಓದಿದವನಿಗೆ ಹೆಸರಿತ್ತು.
ಕೆಳಗೆ ಸಹಿ ಇತ್ತು.
ಇಲ್ಲಿ ಯಾರದ್ದು ಸಹಿ, ತೋರಿಸು.’
ಎಷ್ಟು ಎಣಿಸಿದ್ದೆನೋ ಮರೆತುಹೋಯಿತು ಎಂದು ಬೈದು
ಸೊನ್ನೆಯಿಂದ ಹಿಡಿದಳು.

ಸಂಜೆ ಉಳಿದದ್ದು ಒಂದೇ ಗಾಜು. ಮಾರ್ಚಿನ ವರದಿಗೆಂದು
ಕಸಿ ಮಾಡಿದ ಮೊಟ್ಟೆ, ಬಲಗಡೆ ಒಂದು ಕಾಲು ಹೆಚ್ಚು.
ಎಡಬದಿ ಎಂದಿನಂತೆ. ಬಲಬದಿಯಲ್ಲಿ
ಅವಳ ಹೆಬ್ಬೆರಳು ನಿಲ್ಲಲೇ ಇಲ್ಲ.
ಮೂರು ಸಲ ಎಣಿಸಿದಳು. ಚಹಾ ಆರಿ ಕೆನೆಗಟ್ಟಿತು.
ಸಾಯುವ ಸಾಲಿನಲ್ಲಿದ್ದ ಸಾವಿರದ ನೂರಾ ಆರು
ಸತ್ತಿರಲಿಲ್ಲ.
‘ಬರೆದುಕೋ,’ ಎಂದಳು. ದನಿ ಸ್ವಲ್ಪ ಒಣಗಿತ್ತು.

ಮನೆಗೆ ಹೋಗುವ ಟ್ರಾಮು ಕಿಕ್ಕಿರಿದಿತ್ತು.
ಒದ್ದೆ ಬೂಟಿನಲ್ಲಿ ಪಾದ ಮರಗಟ್ಟಿ
ಇದೆಯೋ ಇಲ್ಲವೋ ಎಂಬಂತಿತ್ತು.
ಬೆರಳು ಅಲ್ಲಾಡಿಸಿ ನೋಡಿದೆ.
ಅಲ್ಲಾಡಿತು.
ಯಾವ ಯಾವುದರ ತುತ್ತು ಅದು,
ನನ್ನ ಲೆಕ್ಕಕ್ಕೆ ಸಿಗಲಿಲ್ಲ.