ಅಕ್ಷರಕ್ಕಿಷ್ಟು

ಕಲ್ಪಳ್ಳಿ ಸಮಾಧಿ ತೋಟದ ಗೋಡೆಗೆ ಒರಗಿ
ಮೂರು ತಲೆಮಾರಿನ ತಗಡಿನ ಚಪ್ಪರ ನಮ್ಮದು.
ಅಕ್ಷರಕ್ಕೆ ನಲವತ್ತು ರೂಪಾಯಿ,
ಒತ್ತಿದ್ದರೆ ಇನ್ನು ಹದಿನೈದು.
ಹಾಗಾಗಿ ಸ್ವರ್ಗ ಸ್ವಲ್ಪ ತುಟ್ಟಿ,
ಮನೆ ಅಗ್ಗ.
ಶಿಲುಬೆಗೆ ಮಾತ್ರ ಕಾಸು ಮುಟ್ಟುವುದಿಲ್ಲ.
ಅದರ ಬೆಲೆ ಒಬ್ಬಾತ ಆಗಲೇ ತೆತ್ತಾಗಿದೆ ಕಣೋ
ಎನ್ನುತ್ತಿದ್ದರು ತಾತ, ಉಳಿ ಮಸೆಯುತ್ತಾ.

ಸತ್ತವರ ಹಬ್ಬಕ್ಕೆ ನಾಲ್ಕೇ ದಿನ.
ಸುಣ್ಣದ ಬಕೆಟ್ಟು, ಸೇವಂತಿಗೆಯ ಮಂಕರಿ,
ಬದುಕಿದವರಿಗೆಲ್ಲ ಅವಸರ, ಮಲಗಿದವರಿಗೆ ಪುರುಸೊತ್ತು.
ಆಗ ಬಂದಳು ಸಲೇತಮ್ಮ,
ಬ್ರಾಡ್‌ವೇ ಹಿಂದಿನ ಓಣಿಯಲ್ಲಿ
ಮೊದಲ ಪರಮಪ್ರಸಾದದ ಮಕ್ಕಳಿಗೆ ಬಿಳಿ ಗೌನು ಹೊಲಿಯುವವಳು.
ಕೊರಳಲ್ಲಿ ಅಳತೆಪಟ್ಟಿ ಹಾಗೇ ಜೋತಿತ್ತು.
ಪರ್ಸಿನಿಂದ ಎರಡು ಚೀಟಿ ತೆಗೆದು ಕಲ್ಲಿನ ಮೇಲಿಟ್ಟಳು.
ಒಂದು ಪಲ್ಟನ್ನಿನದು: ಪರಮ ಬಲಿದಾನ.
ಇನ್ನೊಂದು ಫಾದರ್ ಬರೆದುಕೊಟ್ಟದ್ದು,
ಗೆಳೆಯರಿಗಾಗಿ ಜೀವ ತೆತ್ತವನ ಪ್ರೀತಿಯ ಮಾತು,
ಅಧ್ಯಾಯ, ವಾಕ್ಯದ ಅಂಕಿಸಹಿತ.

ನಾನು ಎಣಿಸಿದೆ. ಅಭ್ಯಾಸ ಬಲ.
ಎರಡೂ ಸೇರಿ ಒತ್ತು ಒಂಬತ್ತು ಎಂದೆ.
ಅವಳು ಸಾದರಹಳ್ಳಿಯ ಬೂದುಗಲ್ಲನ್ನು
ಬಟ್ಟೆಯ ನೇಯ್ಗೆ ನೋಡುವಂತೆ ಸವರುತ್ತಾ ಹೇಳಿದಳು:

"ಬಲಿ ಅಂದರೆ ನನಗೂ ಗೊತ್ತು ಇನ್ನಾಸಣ್ಣ.
ಭಾನುವಾರ ಆರೂವರೆಯ ಬಲಿಪೂಜೆ ತಪ್ಪಿಸಿದವಳಲ್ಲ.
ಅಲ್ಲಿ ರೊಟ್ಟಿಯನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾರೆ,
ಗಂಟೆ ಬಾರಿಸಿ, ನೋಡಿ ಅಂತ.
ನನಗೆ ತೋರಿಸಲಿಲ್ಲ.
ಪೆಟ್ಟಿಗೆಗೆ ಮೊಳೆ ಹೊಡೆದೇ ತಂದರು.
ತೆರೆಯಬೇಡಿ ತಾಯಿ ಅಂದ ಮೇಜರಿನ ಕಣ್ಣೂ ಒದ್ದೆ,
ಬೈಯಲಾಗಲಿಲ್ಲ.
ತೋಮನಿಗಾದರೂ ಗಾಯದಲ್ಲಿ ಬೆರಳಿಡಲು ಸಿಕ್ಕಿತು."

ಉತ್ತರ ನನ್ನಲ್ಲಿರಲಿಲ್ಲ. ಚಹಾ ತರಿಸಿದೆ.

ಚೌರಿರಾಜನನ್ನು ನಾನೂ ಬಲ್ಲೆ.
ಕುಳ್ಳ. ಗುಡಿಯಲ್ಲಿ ಹಾಡಿದರೆ ಪಕ್ಕದವನ ಸ್ವರವೂ ಕೆಡುತ್ತಿತ್ತು.
ಶಾಲೆ ಬಿಟ್ಟವನೇ ಇಲ್ಲಿ ಬಂದು ಕೂತು
ದೇವದೂತನ ರೆಕ್ಕೆಗೆ ಎಷ್ಟು ಗರಿ ಎಂದು ತಲೆ ತಿನ್ನುತ್ತಿದ್ದ.
ಮೇಣದಬತ್ತಿಗೆ ಕಟ್ಟುವ ಬಿಳಿ ರಿಬ್ಬನ್ನು
ಅಮ್ಮನಿಗೆ ಗಜಗಟ್ಟಲೆ ಅಳೆದು ಸುತ್ತಿಡುತ್ತಿದ್ದ.
ಹಲಸೂರು ಕೆರೆಯಾಚೆ ಪಲ್ಟನ್ ಸೇರಿದ ಮೇಲೂ
ಹೆಚ್ಚುಕಮ್ಮಿ ಅದೇ ಕೆಲಸ:
ಹಿಮದಲ್ಲಿ ಹೂತ ಸಿಡಿಮದ್ದು ಹುಡುಕಿ, ಕಿತ್ತು,
ಹೆಜ್ಜೆ ಊರಬಹುದಾದಲ್ಲಿ
ಬಿಳಿ ಪಟ್ಟಿ ಹಾಸುತ್ತಾ ಹೋಗುವುದು.
ಹಿಂದಿದ್ದ ಹನ್ನೊಂದು ಮಂದಿ
ಆ ಪಟ್ಟಿಯ ಗುಂಟವೇ ಮರಳಿ ಬಂದರು.
ಪಟ್ಟಿ ಮುಗಿದಲ್ಲಿ ಅವನಿದ್ದ.

ಸಲೇತಮ್ಮ ಚಹಾ ಆರಲು ಬಿಟ್ಟಳು.
"ಆ ಹನ್ನೊಂದರಲ್ಲಿ ಒಬ್ಬ ಬಂದಿದ್ದ, ಬೆಳಗಾವಿ ಕಡೆಯವನು.
ಶಿಲುಬೆಗೆ ಹೇಗೆ ಕೈಮುಗಿಯುವುದೋ ತಿಳಿಯದೆ
ನನ್ನ ಹೊಲಿಗೆ ಯಂತ್ರಕ್ಕೇ ಮುಗಿದ.
ಮಗಳು ಹುಟ್ಟಿದಾಳಂತೆ, ಫೋಟೋ ತೋರಿಸಿದ.
ಹೊಟ್ಟೆಯಲ್ಲಿ ಕತ್ತರಿ ಆಡಿದ ಹಾಗಾಯಿತು, ಸುಳ್ಳು ಯಾಕೆ.
ಅವನು ಹೋದ ಮೇಲೆ
ಕಣ್ಣಳತೆಯಲ್ಲೇ ಆ ಕೂಸಿಗೊಂದು ಅಂಗಿ ಹೊಲಿದೆ."

ಎರಡೂ ಚೀಟಿ ಮಡಚಿ ಪರ್ಸಿಗೆ ಸೇರಿಸಿದಳು.
ಹೆಸರು ಸಾಕು, ತಾರೀಖು ಸಾಕು.
ಗೇಟಿನವರೆಗೆ ಹೋದವಳು ಮತ್ತೆ ತಿರುಗಿ ಬಂದು:
"ಕೆಳಗೆ, ದಾರಿ ಹಾಸಿದವನು ಅಂತ ಬರೀರಿ."
ಏಳಕ್ಷರ. ಒಂದೂ ಒತ್ತಿಲ್ಲ.

ಹಬ್ಬದ ಹಿಂದಿನ ಸಂಜೆ ಜಿನುಗು ಮಳೆ.
ಬೈಯಪ್ಪನಹಳ್ಳಿ ಕಡೆ ಯಾವುದೋ ರೈಲು ತಡೆದು ನಿಂತು ಕೂಗುತ್ತಿತ್ತು.
ಕೊನೆಯ ‘ನು’ ಕೊರೆದು ಊದಿದೆ,
ಬಿಳಿ ಪುಡಿ ಹಾರಿ ಅವಳ ಸೆರಗಿಗೆ ಕೂತಿತು.
ಒರೆಸಿಕೊಳ್ಳಲಿಲ್ಲ.
ಕನ್ನಡಕ ತೆಗೆದು,
ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಬೆರಳನ್ನು
ಮಗನ ಹೆಸರಿನ ಮೊದಲಕ್ಷರದ ಗುಳಿಯಲ್ಲಿ
ತಳ ಮುಟ್ಟುವವರೆಗೆ ಇಟ್ಟಳು.