ಹಂಪ್ಸು

ಸಂಡೂರಿನ ಕಡೆಯಿಂದ ಬಂದರೆ
ಬಸ್ಸು ಎರಡು ಸಲ ಎತ್ತಿಹಾಕುತ್ತದಲ್ಲ,
ಅದೇ ನಮ್ಮ ಬೇಡರ ಹಟ್ಟಿ.

ಮೊದಲನೆಯದು ಸುಂಕವ್ವನದು.
ತಲೆ ಮೇಲೆ ಕಟ್ಟಿಗೆ ಹೊರೆ, ಕತ್ತು ತಿರುಗಲಿಲ್ಲ.
ಚೆಲ್ಲಿದ್ದನ್ನು ಆಯ್ದು ತಂದು
ಅದರಲ್ಲೇ ಅವಳಿಗೆ ಕಡೆಯ ನೀರು ಕಾಸಿದೆವು.

ಎರಡನೆಯದು ಪಾಲಯ್ಯನದು, ಎಂಟನೇ ಕ್ಲಾಸು.
ಸರ್ಕಾರದ ಸೈಕಲ್ಲು,
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಹರಿದಿರಲಿಲ್ಲ.

‘ಅಪರಿಚಿತ ವಾಹನ’ ಅಂತ ಬರೆದರು ಠಾಣೆಯಲ್ಲಿ.
ಹಂದಿ ಹೆಜ್ಜೆ ಹಿಡಿದು ಬೆಟ್ಟ ಸುತ್ತಿದ ಓಬಜ್ಜ
ಧೂಳಲ್ಲಿ ಕೂತು ಟೈರಿನ ಹೆಜ್ಜೆ ಓದಿದ:
ಹದಿನಾಲ್ಕು ಗಾಲಿ, ಎಡಗಡೆ ಹಿಂದಿನದು ಸವೆದಿದೆ,
ಅದಿರು ತುಂಬಿತ್ತು, ಬ್ರೇಕು ಒತ್ತಲೇ ಇಲ್ಲ.
ಯಾರೂ ಬರೆದುಕೊಳ್ಳಲಿಲ್ಲ.
ಅಪರಿಚಿತವಂತೆ!
ದಿನಾ ನಮ್ಮ ಮುದ್ದೆಗೆ ಕೆಂಪು ಧೂಳು ಬಡಿಸುವುದು.

ರಾತ್ರಿ ನಾವೇ ಕಲ್ಲು ಮಣ್ಣು ಸುರಿದು ಕಟ್ಟಿದೆವು.
ಅಕ್ರಮ ಅಂತ ಜೆಸಿಬಿ ತಂದರು.
ಓಬಜ್ಜ ಅಡ್ಡ ಕೂತ:
“ಗೋರಿ ಕೀಳ್ತೀರೇನಪ್ಪಾ?”

ಈಗ ಕಂಡಕ್ಟರು ಕೂಗುತ್ತಾನೆ,
“ಸುಂಕವ್ವ! ಯಾರ್ರೀ ಸುಂಕವ್ವ, ಇಳೀರಿ.”
ಒಮ್ಮೊಮ್ಮೆ ಅವಳ ಮಗಳೇ ಇಳಿಯುತ್ತಾಳೆ,
ಸಂತೆಚೀಲ ಬಗಲಲ್ಲಿ, ಎರಡೂ ಕಡೆ ನೋಡಿ.

ಲಾರಿಗಳು ಅಲ್ಲಿ ನಿಧಾನ.
ಆಮೇಲೆ ಓಟ ಶುರು.
ಅಂಗನವಾಡಿ ಎದುರು ಮಾತ್ರ
ರೋಡು ಇನ್ನೂ ನುಣ್ಣಗಿದೆ.